ಗಿಟಾರಿನ ಗುಂಯ್ ಸದ್ದು

ವಿದ್ಯುತ್ ಗಿಟಾರನ್ನು ಅಭ್ಯಸಿಸುವ ಮಕ್ಕಳುಳ್ಳ ಮನೆಗಳಲ್ಲಿ ಈ ತೊಡಕು ಅಪರೂಪವಲ್ಲ. ಆಂಪ್ಲಿಫೈಯರು ತಾನೊಂದೇ ಇರುವಾಗ ಶಾಂತವಾಗಿರುವುದು. ಎಫೆಕ್ಟ್ಸ್ ಪ್ರೊಸೆಸರನ್ನು ಕೇಬಲಿನಿಂದ ಜೋಡಿಸಿದೊಡನೆ, ತಂತಿಯನ್ನು ಮೀಟದಿದ್ದರೂ, ಗುಂಯ್ ಎಂಬ ಮಂದ್ರನಾದವು ಹೊರಡುವುದು.

ಎರಡು ಯಂತ್ರಗಳೂ ಮೂರು ಪಿನ್ನಿನ ಪ್ಲಗ್ಗುಗಳ ಮೂಲಕ ಭೂಮಿಗೆ ಸೇರಿರುವುವಷ್ಟೆ. ಕೇಬಲಿನ ಹೊರಗವಚದ ಲೋಹವೂ ಅವೆರಡನ್ನು ಕೂಡಿಸುವುದರಿಂದ ಬಳೆಯಂತಹ ಮುಚ್ಚಿದ ದಾರಿಯೊಂದು ಏರ್ಪಡುವುದು. ಸೆಕೆಂಡಿಗೆ 50 ಆವರ್ತಗಳುಳ್ಳ ನಮ್ಮ ಮನೆಯ ವಿದ್ಯುತ್ತಿನ ಪ್ರಭಾವದಿಂದ ಆ ಬಳೆಯಲ್ಲಿ ಅಲ್ಪ ಪ್ರವಾಹವು ಹರಿದು ಸಂಗೀತದೊಡನೆ ಬೆರೆಯುವುದು.

ಮೊದಲು ಬೇರೊಂದು ಕೇಬಲನ್ನು ಹಾಕಿ ನೋಡತಕ್ಕದ್ದು. ಬಳಿಕ ಎರಡು ಯಂತ್ರಗಳನ್ನೂ ಒಂದೇ ಬೋರ್ಡಿಗೆ ಜೋಡಿಸಬೇಕು. ಅನೇಕ ವೇಳೆ ಇಷ್ಟರಿಂದಲೇ ಸದ್ದಡಗುವುದು. ಅಡಗದಿದ್ದರೆ ಕೇಬಲಿನ ನಡುವೆ ಟ್ರಾನ್ಸ್‌ಫಾರ್ಮರುಳ್ಳ ಐಸೋಲೇಟರನ್ನು ಇಡಬಹುದು. ಅದು ಲೋಹದ ಸಂಬಂಧವನ್ನು ಕಡಿದು, ನಾದವನ್ನು ಮಾತ್ರ ಅಯಸ್ಕಾಂತಶಕ್ತಿಯಿಂದ ದಾಟಿಸುವುದು.

ಕೆಲವರು ಭೂಸಂಪರ್ಕದ ಪಿನ್ನನ್ನೇ ಮುರಿದುಬಿಡುವರು. ಸದ್ದು ನಿಲ್ಲಬಹುದು, ನಿಜ. ಆದರೆ ಹುಡುಗಿಯ ಬೆರಳ ಕೆಳಗಿನ ತಂತಿಗಳು ಆಂಪ್ಲಿಫೈಯರಿನ ಲೋಹದೊಡನೆ ಸೇರಿಯೇ ಇರುವುವು. ಒಳಗೆ ದೋಷವುಂಟಾದರೆ ವಿದ್ಯುತ್ತು ಅವಳ ದೇಹವನ್ನೇ ದಾರಿಯಾಗಿ ಹಿಡಿಯುವುದು. 1972ರಲ್ಲಿ ವೇಲ್ಸಿನ ಸ್ವಾನ್ಸೀ ನಗರದ ವೇದಿಕೆಯಲ್ಲಿ ಲೆಸ್ಲೀ ಹಾರ್ವೆ ಎಂಬ ಗಿಟಾರ್ ವಾದಕನು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ಮೃತನಾದನು. ಪಿನ್ನು ಮುರಿದ ಪ್ಲಗ್ಗು ಮನೆಯಲ್ಲಿದ್ದರೆ, ಅದನ್ನು ಬದಲಾಯಿಸುವವರೆಗೆ ಆ ಯಂತ್ರವನ್ನು ಉಪಯೋಗಿಸಲಾಗದು.