ಮೆಣಸಿನಕಾಯಿಯೂ ನೈಸರ್ಗಿಕವೇ!

ಮದುವೆಗೆ ಹತ್ತು ದಿನ ಇರುವಾಗ ಬ್ಯಾಡಗಿ ಕಡೆಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಹುಡುಗಿ ಓಢಣಿಯಿಂದ ಮುಖ ಮುಚ್ಚಿಕೊಂಡಿದ್ದಳು. ತೆಗೆಸಿ ನೋಡಿದರೆ ಎರಡೂ ಕೆನ್ನೆ ಕೆಂಪಾಗಿ ಊದಿಕೊಂಡಿದ್ದವು. ಅಲ್ಲಲ್ಲಿ ನೀರುಗುಳ್ಳೆ. ಗದ್ದದಿಂದ ಕುತ್ತಿಗೆಯವರೆಗೆ ರಸ ಹರಿದ ದಾರಿಯಲ್ಲೇ ಕಪ್ಪು ಪಟ್ಟೆ ಮೂಡಲು ಆರಂಭವಾಗಿತ್ತು.

"ಅಂಗಡ್ಯಾಂದು ಏನೂ ಹಚ್ಚಿಲ್ರಿ ಡಾಕ್ಟ್ರ. ಎಲ್ಲಾ ಮನ್ಯಾಗಿಂದನ. ಲಿಂಬಿಹಣ್ಣಿನ ರಸ, ಅರಿಷಿಣ, ಕಡ್ಲಿಹಿಟ್ಟು. ಅದ್ರಾಗ ಏನ್ ಕೆಟ್ಟದ್ದೈತ್ರಿ?" ಎಂದು ತಾಯಿ ಕೇಳಿದರು.

ಕೆಟ್ಟದ್ದು ಲಿಂಬೆರಸ ಮತ್ತು ಬಿಸಿಲು ಕೂಡಿದ್ದರಲ್ಲಿತ್ತು. ಲಿಂಬೆಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಸೋರಾಲೆನ್ ಎಂಬ ಜಾತಿಯ ಪದಾರ್ಥಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಒಂದೆರಡು ದಿನಗಳಲ್ಲಿ ಸುಟ್ಟಗಾಯದಂತೆ ಗುಳ್ಳೆ ಏಳುತ್ತದೆ. ಹುಡುಗಿ ಲೇಪ ಹಚ್ಚಿಕೊಂಡು, ಸರಿಯಾಗಿ ತೊಳೆಯದೆ, ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹೋಗಿದ್ದಳು. ತಣ್ಣೀರ ಬಟ್ಟೆ, ವ್ಯಾಸಲಿನ್ ಮತ್ತು ನೆರಳು, ಇಷ್ಟೇ ಚಿಕಿತ್ಸೆ ಹೇಳಿ ಕಳಿಸಿದೆ. ಉರಿ ನಾಲ್ಕು ದಿನಗಳಲ್ಲಿ ಇಳಿಯಿತು. ಕಪ್ಪು ಪಟ್ಟೆ ಮಾಯಲು ತಿಂಗಳುಗಳೇ ಹಿಡಿದವು. ಮದುವೆಯ ಫೋಟೋದಲ್ಲಿ ಅದು ಹಾಗೆಯೇ ಬಂದಿದೆ ಎಂದು ತಾಯಿ ಈಗಲೂ ಪೇಚಾಡುತ್ತಾರೆ.

ನೈಸರ್ಗಿಕವಾದದ್ದೆಲ್ಲ ನಿರಪಾಯ ಎಂಬ ನಂಬಿಕೆ ಈಗ ಬಹಳ ಬೆಳೆದಿದೆ. ಬೇರೆ ಊರಿನವರು ಹಾಗೆ ನಂಬಿದರೆ ನಂಬಲಿ, ನಮ್ಮ ಜಿಲ್ಲೆಯವರು ನಂಬಬಾರದು. ಬ್ಯಾಡಗಿ ಮೆಣಸಿನಕಾಯಿಗಿಂತ ನೈಸರ್ಗಿಕವಾದದ್ದು ಏನಿದೆ? 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಕಾಯಿಗೆ ಹೆಸರು ಬಂದಿರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಆದರೂ ಇಡೀ ದಿನ ಕೂತು ಅದರ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈಯನ್ನು ರಾತ್ರಿ ಒಮ್ಮೆ ಮುಟ್ಟಿ ನೋಡಿ.

ಈ ಕೈಯುರಿಯ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದವರು ನನ್ನ ರೋಗಿಗಳೇ. ವೃತ್ತಿ ಆರಂಭಿಸಿದ ಹೊಸದರಲ್ಲಿ "ನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ" ಎಂದು ಹೇಳುತ್ತಿದ್ದೆ. ವಯಸ್ಸಾದ ಕೂಲಿಯೊಬ್ಬಳು ನಕ್ಕು, "ನೀರಿಗೆ ಅದು ಬಿಡೂದಿಲ್ರಿ, ಮೊದಲ ಎಣ್ಣಿ ಹಚ್ಚಬೇಕು" ಎಂದಳು. ಅವಳ ಮಾತೇ ಸರಿ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ಮೊದಲು ಅಡುಗೆ ಎಣ್ಣೆಯಿಂದ ಕೈ ತಿಕ್ಕಿ, ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು ಹಾಕಿ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಬೇಡ. ಬಿಸಿಯನ್ನು ತಿಳಿಯುವ ನರತುದಿಗಳನ್ನೇ ಕ್ಯಾಪ್ಸೈಸಿನ್ ಕೆರಳಿಸುವುದರಿಂದ ಬಿಸಿನೀರಿಗೆ ಉರಿ ಇಮ್ಮಡಿಯಾಗುತ್ತದೆ. ಇದೇ ಕ್ಯಾಪ್ಸೈಸಿನ್ ಬಳಸಿ ಆ ನರತುದಿಗಳ ಗುಟ್ಟನ್ನು ಬಿಡಿಸಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ದಿನಕ್ಕೆ ಬೇಕಾದದ್ದು ಎಷ್ಟು?

ಚರ್ಮದ ಹೊರಪದರವನ್ನು ಒಂದು ಗೋಡೆಯೆಂದು ತಿಳಿಯಿರಿ. ಜೀವಕೋಶಗಳು ಇಟ್ಟಿಗೆಗಳು, ನಡುವಿನ ಕೊಬ್ಬಿನಂಶವೇ ಗಾರೆ. ಈ ಗೋಡೆ ಸ್ವಲ್ಪ ಆಮ್ಲೀಯವಾಗಿದ್ದರೆ ಗಟ್ಟಿ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5. ಲಿಂಬೆರಸದ್ದು 2ರ ಆಸುಪಾಸು, ಅಡುಗೆ ಸೋಡಾದ್ದು 8ಕ್ಕೂ ಮೇಲೆ, ಬಟ್ಟೆ ಸಾಬೂನಿನದು 10ರ ಹತ್ತಿರ. ಇವುಗಳಲ್ಲಿ ಯಾವುದನ್ನು ದಿನವೂ ಉಜ್ಜಿದರೂ ಗಾರೆ ಕಿತ್ತುಹೋಗುತ್ತದೆ. ಆಮೇಲೆ ನೀವು ಏನು ಹಚ್ಚಿದರೂ ಚುರುಗುಟ್ಟುತ್ತದೆ.

ಆದ್ದರಿಂದ ದಿನಚರಿ ಸಣ್ಣದಿರಲಿ. ಬೆಳಿಗ್ಗೆ ಮುಖಕ್ಕೆ ಬರೀ ನೀರು ಸಾಕು. ಸಂಜೆ ಧೂಳು ತೊಳೆಯಲು ಮೃದುವಾದ ಸಾಬೂನು, ಇಲ್ಲವೇ ವಸ್ತ್ರಗಾಳಿ ಹಿಡಿದ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು. ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಸವರಿ, ಒಣಗುವ ಮೊದಲೇ ತೊಳೆಯಿರಿ. ಒಣಗಿ ಬಿರಿಯುವವರೆಗೆ ಬಿಟ್ಟು ಆಮೇಲೆ ತಿಕ್ಕಿ ತೆಗೆಯುವ ಪದ್ಧತಿಯಿಂದ ಚರ್ಮ ತರಚುತ್ತದೆ. ಒಣ ಚರ್ಮದವರಿಗೆ ಮುಲ್ತಾನಿ ಮಿಟ್ಟಿ ಬೇಡವೇ ಬೇಡ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಚರ್ಮದ ಮೇಲೆ ಉಳಿದುಬಿಡುವುದರಿಂದ ನೊರೆ ಕಡಿಮೆ ಮಾಡಿ, ಎರಡು ತಂಬಿಗೆ ನೀರು ಹೆಚ್ಚಿಗೆ ಸುರಿದುಕೊಳ್ಳಿ.

ತೊಳೆದ ಮೇಲೆ ಎಣ್ಣೆ. ಮೈ ಇನ್ನೂ ಹಸಿಯಾಗಿರುವಾಗಲೇ, ಸ್ನಾನವಾಗಿ ಎರಡು ಮೂರು ನಿಮಿಷದೊಳಗೆ, ನಾಲ್ಕು ಹನಿ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿದರೆ ತೇವ ಒಳಗೇ ಉಳಿಯುತ್ತದೆ. ಇದು ಬರೀ ಅಜ್ಜಿಯರ ಮಾತಲ್ಲ. 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್ ದೇಶದ ಅಧ್ಯಯನವೊಂದರಲ್ಲಿ ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆಯು ಖನಿಜ ತೈಲದಷ್ಟೇ ಕೆಲಸ ಮಾಡಿತ್ತು. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಚರ್ಮದ ಗಾರೆಗೆ ಬೇಕಾದ ಲಿನೋಲಿಯಿಕ್ ಆಮ್ಲ ಹೇರಳವಾಗಿದೆ, ಮೈಗೆ ಅದೂ ಆಗುತ್ತದೆ. ಆದರೆ ಮೊಡವೆ ಇರುವ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ರಂಧ್ರ ಕಟ್ಟಿ ಮೊಡವೆ ಹೆಚ್ಚಬಹುದು. ಚಳಿಗಾಲದಲ್ಲಿ ಒಡೆಯುವ ಹಿಮ್ಮಡಿಗೆ ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರು, ಮೇಲೆ ವ್ಯಾಸಲಿನ್, ಅದರ ಮೇಲೆ ಹಳೆಯ ಕಾಲುಚೀಲ. ವ್ಯಾಸಲಿನ್ ಗಿಡದಿಂದ ಬಂದದ್ದಲ್ಲ, ಪೆಟ್ರೋಲಿಯಮ್ಮಿನಿಂದ ಬಂದದ್ದು. ಆದರೂ ಅದಕ್ಕೆ ಅಲರ್ಜಿ ಆಗುವುದು ಬಹಳ ಅಪರೂಪ. ಹಾವೇರಿಯ ಏಲಕ್ಕಿ ಹಾರ ಕೊರಳಿಗೆ ಭೂಷಣ, ಸರಿ. ಹಾಗೆಂದು ಏಲಕ್ಕಿ, ಲವಂಗ, ದಾಲ್ಚಿನ್ನಿಯ ಎಣ್ಣೆಗಳನ್ನು ಯಾರೋ ಹೇಳಿದರೆಂದು ಮುಖಕ್ಕೆ ನೇರವಾಗಿ ಹಚ್ಚಬೇಡಿ.

ಮೂರನೆಯದು ನೆರಳು. ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಹತ್ತಿ, ಟೊಮೆಟೊ, ಮೆಣಸಿನಕಾಯಿಗಳ ಬೀಜೋತ್ಪಾದನೆಗೆ 'ಕ್ರಾಸಿಂಗ್' ಮಾಡುವ ಹೆಣ್ಣುಮಕ್ಕಳು ಬಿಸಿಲಿನಲ್ಲೇ ದಿನ ಕಳೆಯುತ್ತಾರೆ. ಮೂವತ್ತು ದಾಟುವುದರೊಳಗೆ ಅನೇಕರ ಕೆನ್ನೆಯ ಮೇಲೆ ಬಂಗು ಕೂತಿರುತ್ತದೆ. ಬಂಗಿಗೆ ಬಸಿರು, ಗರ್ಭನಿರೋಧಕ ಗುಳಿಗೆ, ವಂಶದ ಗುಣ ಇವೂ ಕಾರಣ. ಆದರೆ ಅದನ್ನು ದಿನದಿನವೂ ಕಪ್ಪಾಗಿಸುವುದು ಬಿಸಿಲು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಳ್ಳುವ ನಮ್ಮ ಹೆಂಗಸರ ರೂಢಿ ಚರ್ಮವೈದ್ಯರು ಮೆಚ್ಚುವಂಥದ್ದು. ಟವೆಲ್ ಅಂಚನ್ನು ಇನ್ನಷ್ಟು ಮುಂದಕ್ಕೆ, ಕೆನ್ನೆಗೆ ನೆರಳಾಗುವಂತೆ ಎಳೆದುಕೊಳ್ಳಬೇಕು, ಅಷ್ಟೇ. ಕೊಳ್ಳಬಲ್ಲವರು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಲಿ. ಹೊರಡುವ ಕಾಲು ಗಂಟೆ ಮೊದಲು, ಮತ್ತೆ ಎರಡು ತಾಸಿಗೊಮ್ಮೆ.

ಅರಿಷಿಣ, ಲೋಳೆಸರ ಮತ್ತು ಟಿಕಳಿ

ಅರಿಷಿಣವನ್ನು ನಾನು ದೂರುವುದಿಲ್ಲ. ಆದರೆ ಅದಕ್ಕೂ ಅಲರ್ಜಿ ಆಗುವವರಿದ್ದಾರೆ. ಬಿಡಿಯಾಗಿ ಮಾರುವ ಪುಡಿಗೆ ಸೀಸದ ಕ್ರೋಮೇಟ್‌ನಂಥ ವಿಷದ ಬಣ್ಣ ಬೆರೆಸುವುದೂ ಉಂಟು. ಕೊಂಬು ತಂದು ಮನೆಯಲ್ಲೇ ತೇಯ್ದುಕೊಳ್ಳುವುದು ಒಳ್ಳೆಯದು. ಲೋಳೆಸರದ ಎಲೆಯನ್ನು ಕೊಯ್ದ ತಕ್ಷಣ ಇಳಿಯುವ ಹಳದಿ ರಸ ಚರ್ಮಕ್ಕೆ ತುರಿಕೆ ತರಬಲ್ಲದು. ಎಲೆಯನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ಅದನ್ನು ಸೋರಿಸಿ, ತೊಳೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಬಳಸಿ. ಯಾವ ಹೊಸ ಪದಾರ್ಥವನ್ನೇ ಆಗಲಿ ಮೊದಲು ಮೊಳಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿಯಂತೆ ಐದಾರು ದಿನ ಹಚ್ಚಿ ನೋಡಿ. ತುರಿಕೆ, ಕೆಂಪು ಕಂಡರೆ ಅದು ನಿಮಗಲ್ಲ. ಮದುವೆಯ ಹಿಂದಿನ ವಾರ ಹೊಸ ಪ್ರಯೋಗ ಬೇಡ. ನೀರು, ಹಾಲು, ಮೊಸರು ಸೇರಿಸಿದ ಲೇಪವನ್ನು ಡಬ್ಬಿಯಲ್ಲಿಟ್ಟು ಮೂರು ದಿನ ಬಳಸುವವರೂ ಇದ್ದಾರೆ. ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಆಗಿನದ್ದು ಆಗಲೇ ಕಲಸಿರಿ.

ಹಣೆಗಿಡುವ ಅಂಟಿನ ಟಿಕಳಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಅಂಟುಗಳಲ್ಲಿರುವ ರಾಸಾಯನಿಕದಿಂದ ಟಿಕಳಿಯ ಜಾಗದಲ್ಲೇ ಬಿಳಿ ಮಚ್ಚೆ ಬೀಳುತ್ತದೆ. ಹುಬ್ಬಿನ ನಡುವೆ ತುರಿಕೆ ಆರಂಭವಾದ ದಿನವೇ ಟಿಕಳಿ ಬಿಟ್ಟರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಬೆಳ್ಳಗಾಗುವ ಕ್ರೀಮುಗಳು

ನನಗೆ ನಿಜವಾದ ಭಯವಿರುವುದು ಅಡುಗೆಮನೆಯ ಪದಾರ್ಥಗಳಿಗಲ್ಲ, ಹೆಸರಿಗೆ ಮಾತ್ರ 'ಗಿಡಮೂಲಿಕೆ'ಯಾದ ಡಬ್ಬಿಗಳಿಗೆ. 2021 ಮತ್ತು 2023ರ ನಡುವೆ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಮೂತ್ರದಲ್ಲಿ ಪ್ರೋಟೀನು ಸೋರುವ ಮೂತ್ರಪಿಂಡದ ಕಾಯಿಲೆಯಿಂದ ಬಂದ ಹಲವರು ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದುದನ್ನು ವೈದ್ಯರು ಪತ್ತೆ ಮಾಡಿದರು. ಕಾರಣ ಕ್ರೀಮಿನಲ್ಲಿದ್ದ ಪಾದರಸ. ಕ್ರೀಮು ಬಿಡಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಒಳಗಿನ ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿ ಮನೆಯಲ್ಲಿದ್ದರೆ ಹಚ್ಚುವುದನ್ನು ಇಂದೇ ನಿಲ್ಲಿಸಿ. ಮುಖ, ಕಾಲು ಊದಿಕೊಂಡಿದ್ದರೆ ಆ ಡಬ್ಬಿಯ ಸಮೇತ ವೈದ್ಯರ ಬಳಿ ಹೋಗಿ.

ಇನ್ನೊಂದು, ಸ್ಟೀರಾಯ್ಡ್ ಮುಲಾಮು. ಇಸುಬಿಗೆ ವೈದ್ಯರು ಬರೆದುಕೊಟ್ಟಾಗ ಅದು ಒಳ್ಳೆಯ ಔಷಧಿ. ಅದನ್ನೇ ಬಣ್ಣಕ್ಕೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿ, ಮೊಡವೆ, ಕೂದಲು ಬೆಳೆಯುತ್ತವೆ. ಬಿಟ್ಟ ಕೂಡಲೇ ಮುಖ ಉರಿಯುವುದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ಅಡಗಿ, ಗಜಕರ್ಣ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ತಂದಿತು. ಚೀಟಿ ಇಲ್ಲದೆ ನನ್ನ ಬಳಿ ಟ್ಯೂಬು ಹಿಡಿದು ಬರುವವರು ಇಂದಿಗೂ ಕಡಿಮೆಯಾಗಿಲ್ಲ.

ಕೊನೆಗೆ, ಲೇಪಕ್ಕೆ ಬಗ್ಗದ ಎರಡು ಗುರುತುಗಳು. ಕುತ್ತಿಗೆಯ ಹಿಂದೆ ಮತ್ತು ಕಂಕುಳಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದು ಕೊಳೆಯಲ್ಲ. ಮಕ್ಕಳ ಕುತ್ತಿಗೆಯನ್ನು ತೆಂಗಿನ ನಾರಿನಿಂದ ತಿಕ್ಕಿ ಅಳಿಸುವ ತಾಯಂದಿರು ಇದನ್ನು ಗಮನಿಸಬೇಕು. ಮೈತೂಕ ಹೆಚ್ಚಿದವರಲ್ಲಿ ಅದು ಸಕ್ಕರೆ ಕಾಯಿಲೆಯ ಮುನ್ಸೂಚನೆ ಆಗಿರಬಹುದು, ರಕ್ತ ಪರೀಕ್ಷೆ ಮಾಡಿಸಿ. ಎರಡನೆಯದು, ಮೈಮೇಲಿನ ತಿಳಿ ಬಣ್ಣದ ಅಥವಾ ಕೆಂಪು ಮಚ್ಚೆ. ಕಣ್ಣು ಮುಚ್ಚಿಕೊಂಡು, ಬೇರೆಯವರಿಂದ ಹತ್ತಿಯ ಎಳೆಯನ್ನು ಅದರ ಮೇಲೆ ಸವರಿಸಿ. ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠರೋಗದ ಲಕ್ಷಣವಾಗಿರಬಹುದು. ಅಂಜಬೇಕಾಗಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಔಷಧಿ ಉಚಿತ, ಆರು ತಿಂಗಳಿಂದ ಒಂದು ವರ್ಷದ ಚಿಕಿತ್ಸೆಯಲ್ಲಿ ರೋಗ ಪೂರ್ತಿ ವಾಸಿಯಾಗುತ್ತದೆ.