ಹಳೇ ಸಾಮಾನಿನ ಅಂಗಡಿಗೆ ದಾರಿ ತೋರುವ ಆ್ಯಪ್

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಅಂಗಡಿ, ಸಣ್ಣಪುಟ್ಟ ಸ್ಥಳೀಯ ಅಂಗಡಿಗಳನ್ನು ಹುಡುಕಿಕೊಡುವ ಮೊಬೈಲ್ ಆ್ಯಪ್ ಮಾಡುವ ಆಸೆ. ಗೂಗಲ್ ಮ್ಯಾಪ್ಸ್ ಇರುವಾಗ ಇನ್ನೊಂದು ಬೇಕೇ?

ಉತ್ತರ: ಖಂಡಿತ ಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯನ್ನೇ ನೋಡಿ. ಫುಟ್‌ಪಾತ್ ಮೇಲೆ ಹಳೇ ಪಠ್ಯಪುಸ್ತಕ ಹರವಿಕೊಂಡು ಕೂತವರಿಗೆ ಬೋರ್ಡೂ ಇಲ್ಲ, ಬಾಗಿಲ ನಂಬರೂ ಇಲ್ಲ. ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಸೇರುವುದೇ ಭಾನುವಾರ. ಹಾಗಾಗಿ ಎಲ್ಲಿದೆ ಎಂಬುದರಷ್ಟೇ ಯಾವ ವಾರ, ಎಷ್ಟು ಹೊತ್ತಿಗೆ ಎಂಬುದೂ ಮುಖ್ಯ. ಹುಡುಕುವವರು ಅಂಗಡಿಯ ಹೆಸರು ಹೇಳುವುದಿಲ್ಲ. ‘ಪಿಯುಸಿ ಗೈಡ್’, ‘ಮಿಕ್ಸಿ ಜಾರ್’ ಎಂದು ಟೈಪ್ ಮಾಡುತ್ತಾರೆ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ. ಎರಡಕ್ಕೂ ಒಂದೇ ಉತ್ತರ ಸಿಗಬೇಕು.

ನಕ್ಷೆಗೆ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿ. ಅದರಲ್ಲಿ ಯಾರು ಬೇಕಾದರೂ ಅಂಗಡಿ ಸೇರಿಸಬಹುದು. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಪ್ರತ್ಯೇಕ ಗುರುತಿದೆ, ತೆರೆಯುವ ವೇಳೆಯನ್ನೂ ದಾಖಲಿಸಬಹುದು. ನಕ್ಷೆ ಯಾರದೆಂದು ಆ್ಯಪ್‌ನಲ್ಲಿ ನಮೂದಿಸುವುದು ಕಡ್ಡಾಯ.

ವ್ಯಾಪಾರಿಗಳ ಮೇಲೆ ಲಾಗಿನ್, ಪಾಸ್‌ವರ್ಡ್ ಹೊರೆ ಹೇರಬೇಡಿ. ಪ್ರತಿ ಅಂಗಡಿಯ ಕೆಳಗೆ, ಮಾಹಿತಿಯನ್ನು ಕೊನೆಯ ಸಲ ಖಚಿತಪಡಿಸಿಕೊಂಡ ದಿನಾಂಕ ಇರಲಿ. ಬಿಸಿಲಲ್ಲಿ ಅಷ್ಟು ದೂರ ಹೋಗಿ ಮುಚ್ಚಿದ ಶಟರ್ ಕಂಡವರು ನಿಮ್ಮ ಆ್ಯಪನ್ನು ಮತ್ತೆ ನಂಬುವುದಿಲ್ಲ. ಮೊದಲು ಒಂದೇ ಬೀದಿಯನ್ನು ನಡೆದು ಸುತ್ತಿ, ವ್ಯಾಪಾರಿಗಳನ್ನು ಕೇಳಿಕೊಂಡೇ ದಾಖಲಿಸಿ. ಊರೆಲ್ಲ ಆಮೇಲೆ.