ಏಳು ಸಾವಿರ ರೂಪಾಯಿಯ ಮೊಕದ್ದಮೆ

ಮುಂಬಯಿಯ ಮೆಕಿನನ್ ಮೆಕೆಂಜಿ ಕಂಪೆನಿ 1977ರ ಜೂನ್‌ನಲ್ಲಿ ಆಡ್ರಿ ಡಿಕೋಸ್ತಾ ಎಂಬ ಸ್ಟೆನೊಗ್ರಾಫರ್ ಒಬ್ಬರನ್ನು ಕೆಲಸದಿಂದ ತೆಗೆಯಿತು. ನೌಕರಿಯೇನೋ ಹೋಯಿತು, ಆದರೆ ನೌಕರಿಯಲ್ಲಿದ್ದಾಗ ತಮಗೆ ಪುರುಷ ಸ್ಟೆನೊಗ್ರಾಫರರಿಗಿಂತ ಕಡಿಮೆ ಸಂಬಳ ಕೊಟ್ಟದ್ದನ್ನು ಅವರು ಪ್ರಶ್ನಿಸಿದರು. 1976ರ ಸಮಾನ ವೇತನ ಕಾಯಿದೆಗೆ ಆಗಿನ್ನೂ ಎಳೆವಯಸ್ಸು.

ಕಂಪೆನಿಯ ವಾದ ಸ್ವಾರಸ್ಯವಾಗಿತ್ತು. ಮಹಿಳೆಯರು ಹಿರಿಯ ಅಧಿಕಾರಿಗಳ ಆಪ್ತ ಸ್ಟೆನೊಗ್ರಾಫರರು, ಅವರದೇ ಬೇರೆ ವರ್ಗ. ಸಂಬಳ ಗೊತ್ತುಮಾಡಿದ್ದು ಕಾರ್ಮಿಕ ಸಂಘದೊಡನೆ ಆದ ಒಪ್ಪಂದ. ಹೆಚ್ಚು ಕೊಡಲು ಶಕ್ತಿಯೂ ಇಲ್ಲ. ಆ ವರ್ಗದಲ್ಲಿ ಒಬ್ಬ ಗಂಡಸೂ ಇರಲಿಲ್ಲವೆಂಬುದೇ ಗುಟ್ಟು ಬಿಟ್ಟುಕೊಡುವಂತಿತ್ತು!

ಮೊದಲು ಅರ್ಜಿ ವಜಾ ಆಯಿತು. ಮೇಲ್ಮನವಿಯಲ್ಲಿ ವ್ಯತ್ಯಾಸದ ಬಾಕಿ 7,196 ರೂಪಾಯಿ 67 ಪೈಸೆ ಕೊಡಬೇಕೆಂದು ಆದೇಶವಾಯಿತು. ವರ್ಷವೂ ತುಂಬದ ಅವಧಿಯ ಈ ಬಾಕಿಗಾಗಿ ಕಂಪೆನಿ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

1987ರ ಮಾರ್ಚ್ 26ರಂದು ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯ (ಕನ್ನಡಿಗರೇ; 1989ರಲ್ಲಿ ಮುಖ್ಯ ನ್ಯಾಯಮೂರ್ತಿಯಾದವರು) ಮತ್ತು ಎಂ.ಎಂ. ದತ್ ತೀರ್ಪಿತ್ತರು. ಕೆಲಸ ಒಂದೇ ತೆರನಾಗಿದ್ದರೆ ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ. ಕಾಯಿದೆಯನ್ನು ಮೀರಿದ ಒಪ್ಪಂದ ಊರ್ಜಿತವಲ್ಲ. ಹಣವಿಲ್ಲವೆಂಬ ನೆಪವೂ ನಡೆಯದು. ಕಂಪೆನಿಯ ಅರ್ಜಿ ವಜಾ ಆಯಿತು.